ಮಗ್ಗಣ್ಣ ಕೇಳಿದ ಹೆಸರು

ರಾಚಪ್ಪ ಮಗ್ಗದ ಮೇಲೆ ಹೊದಿಸಿದ್ದ ಹಳೇ ಜಮಖಾನೆಯನ್ನು ಸರ್ರನೆ ಎಳೆದಾಗ ನೋಡಲು ಇದ್ದವರು ಇಬ್ಬರೇ. ಒಬ್ಬಳು ಅವನ ಹೆಂಡತಿ ಮಹಾನಂದಾ, ಇನ್ನೊಬ್ಬ ಪಕ್ಕದ ಝೆರಾಕ್ಸ್ ಅಂಗಡಿಯ ಗಿರಿಮಲ್ಲಪ್ಪ. ಆದರೂ ರಾಚಪ್ಪ ತುಂಬಿದ ಸಭೆಯ ಮುಂದೆ ನಿಂತವನಂತೆ ಕೈಮುಗಿದು, ಗಂಟಲು ಸರಿಮಾಡಿಕೊಂಡ.

"ಇಂವಾ ಮಗ್ಗಣ್ಣ. ಚಿತ್ರ ತೋರಿಸಿದ್ರ ಸಾಕು, ನೀವು ಚಾ ಕುಡದು ಬರೂದ್ರಾಗ ಖಣ ನೇಯ್ದು ಕೈಯಾಗ ಕೊಡ್ತಾನ. ಇಡೀ ರಬಕವಿ ಒಳಗ ಇಂಥಾದ್ದು ಇನ್ನೊಂದಿಲ್ಲ."

"ರಬಕವಿ ಪುಣ್ಯ," ಎಂದಳು ಮಹಾನಂದಾ.

ಅವಳ ಅನುಮಾನಕ್ಕೆ ಕಾರಣವಿತ್ತು. ಗಂಡ ಹಿಂದಿನ ವರ್ಷ ಮಾಡಿದ್ದ ರೊಟ್ಟಿ ಬಡಿಯುವ ಯಂತ್ರ ಬಡಿದ ಮೊದಲನೇ ರೊಟ್ಟಿ ಹಾರಿಹೋಗಿ ಮಾಡಿನ ತೊಲೆಗೆ ಅಂಟಿಕೊಂಡಿತ್ತು. ಅದು ಇನ್ನೂ ಅಲ್ಲೇ ಇದೆ. ಇಲಿಗಳು ಕೂಡ ಅದನ್ನು ಮೂಸಿ ನೋಡಿ, ನಮಗೂ ಹಲ್ಲಿನ ಚಿಂತೆಯಿದೆ ಎಂಬಂತೆ ಹಿಂದಿರುಗಿದ್ದವು.

ಈ ಮಗ್ಗಣ್ಣನ ಮೈ ರಾಚಪ್ಪನ ಅಜ್ಜನ ಕಾಲದ ಕೈಮಗ್ಗ. ಹೊಟ್ಟೆಯಲ್ಲಿ ಗುಜರಿಯಿಂದ ತಂದ ಕಂಪ್ಯೂಟರು. ಒಡೆದ ಮೊಬೈಲಿನ ಕ್ಯಾಮೆರಾ ಕಣ್ಣು, ಮುರಿದ ರೇಡಿಯೋದ ಸ್ಪೀಕರ್ ಬಾಯಿ. ಲಾಳಿ ಓಡಿಸಲು ಬಟ್ಟೆ ತೊಳೆಯುವ ಯಂತ್ರದ ಮೋಟಾರು. ಕರೆಂಟ್ ಹೋದರೂ ಕೆಲಸ ನಿಲ್ಲಬಾರದೆಂದು ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ತಳದಲ್ಲಿ ಬೋಲ್ಟು ಹಾಕಿ ಬಿಗಿದಿದ್ದ. ಇವೆಲ್ಲವನ್ನೂ ಆಳುವುದು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ. ಕೊಂಡು ತರುವ ಸಾಫ್ಟ್‌ವೇರು ರಾಚಪ್ಪನಿಗೆ ಒಗ್ಗುತ್ತಿರಲಿಲ್ಲ, ಬಿಚ್ಚಲು ಬಾರದ ಮಷೀನು ಮಷೀನೇ ಅಲ್ಲ ಎಂಬುದು ಅವನ ಸಿದ್ಧಾಂತ. ಗಿರಿಮಲ್ಲಪ್ಪನ ಅಂಗಡಿಯ ಕಂಪ್ಯೂಟರಿಗೂ ಪುಕ್ಕಟೆಯಾಗಿ ಅದನ್ನೇ ಹಾಕಿಕೊಟ್ಟು, ಎರಡೂ ಮನೆಗೆ ಒಂದೇ ವೈಫೈ ಮಾಡಿದ್ದ.

ಬೇರೆ ದಿನವಾಗಿದ್ದರೆ ಮಹಾನಂದಾ ನಕ್ಕು ಒಳಗೆ ಹೋಗುತ್ತಿದ್ದಳು. ಆದರೆ ಮರುದಿನ ಬಾಗಲಕೋಟೆಯಲ್ಲಿ ಮಗಳು ವೈಶಾಲಿಯ ಕುಬಸ. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಬಳೆ, ಕುಪ್ಪಸದ ಖಣ ಕೊಟ್ಟು ಉಡಿ ತುಂಬುವ ದಿನ. ಮಹಾನಂದಾಳ ತವರು ಗುಳೇದಗುಡ್ಡ. ಅವಳ ತಾಯಿ ನೇಕಾರತಿ. ಗುಬ್ಬಿ ಕಾಳು ಹೆಕ್ಕುವ ಚಿತ್ತಾರವಿರುವ ಒಂದು ಖಣವನ್ನು ಆಕೆ ಮನೆತನದ ಪ್ರತಿ ಹೆಣ್ಣುಮಗಳ ಕುಬಸಕ್ಕೂ ತಾನೇ ನೇಯ್ದು ಕೊಡುತ್ತಿದ್ದಳು. ಮೊಮ್ಮಗಳಿಗಾಗಿ ನೂಲಿಗೆ ಬಣ್ಣವನ್ನೂ ಅದ್ದಿಟ್ಟಿದ್ದಳು. ನೇಯುವ ಮೊದಲೇ ತೀರಿಕೊಂಡಳು. ಮಹಾನಂದಾಳ ಕುಬಸದ ಖಣ ಟ್ರಂಕಿನಲ್ಲಿ ನುಸಿ ತಿಂದು ಜರಡಿಯಾಗಿತ್ತು. "ಅಜ್ಜಿ ಖಣಾನ ತರ್ತೀನಿ" ಎಂದು ಅವಳು ಮಗಳಿಗೆ ಮಾತು ಕೊಟ್ಟಿದ್ದಳು. ಬೀಗತಿ ಶಿವಲೀಲಾ, "ಇರ್ಲಿ ಬಿಡ್ರಿ, ಹಳೇದು ಯಾಕ, ನಾವ ಅಂಗಡ್ಯಾಗ ಮಖಮಲ್ಲಿಂದು ತಂದೀವಿ" ಎಂದು ಫೋನಿನಲ್ಲಿ ಅಂದಿದ್ದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ನಟ್ಟಿತ್ತು.

ಗುಳೇದಗುಡ್ಡದ ನೇಕಾರರು, ಹೊಸದಾಗಿ ಮಗ್ಗಕ್ಕೆ ಚಿತ್ತಾರದ ರಟ್ಟಿನ ಪಟ್ಟಿ ಕೊರೆಯಲು ತಿಂಗಳಾದರೂ ಬೇಕು ಎಂದಿದ್ದರು. ಹೀಗಾಗಿ ಗತಿಯಿಲ್ಲದೆ ಗಂಡನನ್ನು ನಂಬಿದ್ದಳು. ತಾಯಿ ಬಣ್ಣ ಅದ್ದಿದ್ದ ನೂಲನ್ನು ಅವಳೇ ಕೈಯಾರೆ ಉದ್ದೆಳೆಯ ಹಾಸು ಹೂಡಿ ಮಗ್ಗಕ್ಕೆ ಏರಿಸಿಕೊಟ್ಟಿದ್ದಳು. ನಾಲ್ಕೈದು ಖಣಕ್ಕೆ ಆಗುವಷ್ಟು ನೂಲು. ಆ ಕೆಂಪು ಬೇರೆ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ.

"ನೂಲು ಹಾಳ ಮಾಡಿದ್ರ," ಎಂದಳು, "ಆ ತೊಲಿ ಮ್ಯಾಲಿನ ರೊಟ್ಟೀನ ನಿಮಗ ರಾತ್ರಿ ಊಟ."

ರಾಚಪ್ಪ ನುಸಿ ತಿಂದ ಖಣದ ಫೋಟೋವನ್ನು ಮೊಬೈಲಿನಿಂದ ಮಗ್ಗಣ್ಣನಿಗೆ ಕಳಿಸಿದ. ಮಗ್ಗಣ್ಣ ಗುರುಗುಟ್ಟಿ, ಪಠ್ಯಪುಸ್ತಕದ ಕನ್ನಡದಲ್ಲಿ ನುಡಿದ:

"ಈ ಕಡತ ಯಾವ ಬಗೆಯದೆಂದು ತಿಳಿಯದು."

"ಅಯ್ಯ, ಅಷ್ಟ ಏನು?" ರಾಚಪ್ಪ ಕೀಲಿಮಣೆ ಎಳೆದುಕೊಂಡ. "ನೋಡ ಗಿರಿಮಲ್ಲಪ್ಪ, ಪ್ರತಿ ಫೈಲಿಗೂ ಹೆಸರಿನ ಹಿಂದ ಒಂದು ಬಾಲ ಇರ್ತೈತಿ. ಇದು ಫೋಟೋದ್ದು ಅಂತ ಬಾಲ ಹೇಳ್ತೈತಿ. ನಾವು ಆ ಬಾಲ ಕಿತ್ತು ಮಗ್ಗದ ಫೈಲಿನ ಬಾಲ ಹಚ್ಚೂದು. ಮುಗೀತು."

"ಬಾಲ ಬದಲ ಮಾಡಿದ್ರ ನಾಯಿ ಬೆಕ್ಕು ಆಗ್ತೈತೇನ್ರಿ?" ಎಂದಳು ಮಹಾನಂದಾ.

"ಇದು ನಾಯಿ ಅಲ್ಲ, ಲಿನಕ್ಸು."

ಬಾಲ ಬದಲಾಯಿತು. ಮಗ್ಗಣ್ಣ ಈಗ ತಕರಾರು ಮಾಡದೆ ಲಾಳಿ ಓಡಿಸಿದ. ಟಕಟಕ, ಟಕಟಕ. ಬಟ್ಟೆ ಬೆಳೆಯಿತು. ಅದರಲ್ಲಿ ಗುಬ್ಬಿಯೂ ಇಲ್ಲ, ಕಾಳೂ ಇಲ್ಲ. ಗಿರಣಿಯ ನೆಲದ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಚುಕ್ಕೆಗಳು, ಅಡ್ಡಾದಿಡ್ಡಿ ಗೆರೆಗಳು. ಮೂಲೆಯಲ್ಲಿ ಮಾತ್ರ ಅಚ್ಚುಕಟ್ಟಾಗಿ ಮೂರಕ್ಷರ: ರಾಚಪ್ಪ.

"ನಿಮ್ಮ ಹೆಸರೊಂದು ಚಂದ ಬಂದೈತಿ," ಎಂದ ಗಿರಿಮಲ್ಲಪ್ಪ, ಹೊಗಳಲು ಬೇರೇನೂ ಸಿಗದೆ.

ಮಹಾನಂದಾ ಮಗ್ಗದ ಮುಂದೆ ಕೈ ಅಡ್ಡ ಹಿಡಿದಳು. "ನಾಯಿ ನಾಯೀನ ಐತಿ. ಅದನ್ನ ನೆಟ್ಟಗ ಮಗ್ಗದ ಚಿತ್ರ ಮಾಡಿ ಆಮ್ಯಾಲ ನೇಯ್ರಿ. ಬಾಲ ಅಲ್ಲ, ಮೈ ಬದಲಾಗಬೇಕು."

ಅದು ಸರಿಯಾದ ಮಾತೇ ಆಗಿತ್ತು. ಫೋಟೋವನ್ನು ನಿಜವಾಗಿಯೂ ಪರಿವರ್ತಿಸುವ ಒಂದು ತಂತ್ರಾಂಶ ಲಿನಕ್ಸಿನಲ್ಲಿ ಇತ್ತು, ರಾಚಪ್ಪ ಅದನ್ನು ಹಾಕಿಕೊಂಡಿರಲಿಲ್ಲ ಅಷ್ಟೆ. ಹಾಕಲು ಹೋದರೆ ಅದಕ್ಕೆ ಇನ್ನೊಂದು ಬೇಕು ಅಂದಿತು, ಆ ಇನ್ನೊಂದಕ್ಕೆ ಮತ್ತೊಂದು ಬೇಕು ಅಂದಿತು. ಮದುವೆಗೆ ಒಬ್ಬರನ್ನು ಕರೆದರೆ ಅವರ ಭಾವಮೈದುನರೂ ಹೊರಟು ನಿಂತ ಹಾಗಾಯಿತು. ಊಟದ ಹೊತ್ತಿಗೆ ಎಲ್ಲರೂ ಬಂದು ಕೂತರು. ಮಗ್ಗಣ್ಣ ಮತ್ತೆ ಲಾಳಿ ಓಡಿಸಿದ.

ಈ ಸಲ ಗುಬ್ಬಿ ಬಂತು. ಮಹಾನಂದಾ ಬಗ್ಗಿ ನೋಡಿದಳು. ಬಗ್ಗಿದ ಕತ್ತು, ಎತ್ತಿದ ಪುಟ್ಟ ಪುಕ್ಕ, ಕೊಕ್ಕಿನ ಮುಂದೆ ಮೂರು ಕಾಳು. ಥೇಟ್ ಅವ್ವನ ಕೈ. ಅವಳ ಕಣ್ಣು ತುಂಬಿ ಬಂತು. ಎರಡನೇ ಗುಬ್ಬಿ ಬಂತು. ಅದರ ಪಕ್ಕದಲ್ಲಿ ದಪ್ಪಗೆ, ಗುಂಡಗೆ, ಕಡುಬಿನಂಥದ್ದೊಂದು ಏಳತೊಡಗಿತು.

"ಇದೇನ್ರಿ ಇದು, ಗೂಬಿ?" ಎಂದ ಗಿರಿಮಲ್ಲಪ್ಪ.

ಅದಕ್ಕೆ ಉಗುರು ಬಂತು. ಉಗುರಿನ ಮೇಲೆ ಅರಿಶಿನದ ಕಲೆ ಕೂಡ ಬಂತು. ಫೋಟೋ ತೆಗೆಯುವಾಗ ಬಟ್ಟೆ ಹಿಡಿದಿದ್ದ ಮಹಾನಂದಾಳ ಹೆಬ್ಬೆರಳು ಅದು.

"ಹೆಬ್ಬಟ್ಟು ಒತ್ತಿದಂಗಾತು," ಎಂದು ರಾಚಪ್ಪ ನಕ್ಕ. ಹೆಂಡತಿ ನಗಲಿಲ್ಲ. ಹಾಸಿನಲ್ಲಿ ಅರ್ಧದ ಮೇಲೆ ಖರ್ಚಾಗಿತ್ತು.

ಬೆರಳನ್ನು ಚಿತ್ರದಿಂದ ಕತ್ತರಿಸಿ ತೆಗೆಯುವುದು ಕಷ್ಟವಾಗಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಸಂಜೆಗೆ ಮೊದಲೇ ಖಣ ಕೈಯಲ್ಲಿರುತ್ತಿತ್ತು. ಆದರೆ ಮಹಾನಂದಾಳ ಕಣ್ಣು ಮೂಲೆಗೆ ಬಿತ್ತು. ಅಲ್ಲಿ ಮತ್ತೆ ಅದೇ ಹೆಸರು.

"ಇದನ್ನ ತಗೀರಿ. ನಮ್ಮವ್ವ ಎಷ್ಟು ಖಣ ನೇಯ್ದಳು, ಒಂದರ ಮ್ಯಾಲೂ ತನ್ನ ಹೆಸರ ಹಾಕಲಿಲ್ಲ. ಬಸುರಿ ಮಗಳ ಬೆನ್ನ ಮ್ಯಾಲ ಅಪ್ಪನ ಹೆಸರ ಯಾಕ? ಕಳದು ಹೋಗ್ತಾಳಂತ ಏನು?"

"ಲಿನಕ್ಸಿನ ಪದ್ಧತಿ ಅದು. ಒಡಿಯಾ ಇಲ್ಲದ ವಸ್ತು ಅದರಾಗ ಇರಂಗಿಲ್ಲ. ಯಾರದು ಅನ್ನೂದು ಬರದಿರಬೇಕು."

"ಅದೆಲ್ಲಾ ಮಷೀನಿನ ಹೊಟ್ಟ್ಯಾಗ ಇರ್ಲಿ. ಖಣದ ಮ್ಯಾಲ ಬ್ಯಾಡ."

ರಾಚಪ್ಪ ಸೆಟ್ಟಿಂಗಿನ ಫೈಲು ತೆರೆದ. ಒಡೆಯ ಎಂದಿದ್ದ ಸಾಲನ್ನು ಹುಡುಕಿದ. ಅಳಿಸುವ ಗುಂಡಿಯ ಮೇಲೆ ಬೆರಳಿಟ್ಟ.

"ಮೊದಲಿಂದು ಒಂದು ನಕಲು ತಗದಿಟ್ಟೀರೇನು?" ಎಂದಳು ಮಹಾನಂದಾ.

"ಒಂದ ಸಾಲು ಅಳಸಾಕ ನಕಲು ಯಾಕ?"

"ಹೆಪ್ಪಿಗಂತ ಒಂದು ಚಮಚ ಮೊಸರ ತಗದಿಡದ ಎಲ್ಲಾ ಮಜ್ಜಿಗಿ ಮಾಡಿದ್ರ ನಾಳಿಗೇನ ಮಾಡ್ತೀರಿ?"

ಅವಳ ಮಾತು ಮುಗಿಯುವಷ್ಟರಲ್ಲಿ ಸಾಲು ಅಳಿದಿತ್ತು. ಮಗ್ಗಣ್ಣ ಒಮ್ಮೆ ಆರಿ, ಮತ್ತೆ ಹೊತ್ತಿಕೊಂಡ. ಕ್ಯಾಮೆರಾದ ಕಣ್ಣು ಅತ್ತಿತ್ತ ತಿರುಗಿ ಮೂವರನ್ನೂ ದಿಟ್ಟಿಸಿತು.

"ನನ್ನ ಒಡೆಯರು ಯಾರು?" ಎಂದ.

"ನಾನ. ರಾಚಪ್ಪ."

"ನಾನೇ ಒಡೆಯ ಎಂದು ಯಾರು ಬೇಕಾದರೂ ಹೇಳಿಕೊಳ್ಳಬಹುದು. ಮನೆಯ ಇನ್ನೊಬ್ಬರು ತಮ್ಮ ದನಿಯಲ್ಲಿ ಒಡೆಯರ ಹೆಸರನ್ನು ಹೇಳಿ ದೃಢಪಡಿಸಬೇಕು. ಗುರುತಿರುವ ದನಿ: ಮಹಾನಂದಾ."

ರಾಚಪ್ಪನ ಮುಖ ಬಿಳಚಿತು. ಭದ್ರತೆಗಿರಲಿ ಎಂದು ಈ ನಿಯಮವನ್ನು ಅವನೇ ಬರೆದಿದ್ದ. ಅಡುಗೆಮನೆಯಿಂದ ಹೆಂಡತಿ ಬೈಯುವ ದನಿಯನ್ನು ಗುಟ್ಟಾಗಿ ಹಿಡಿದಿಟ್ಟು ಮಗ್ಗಣ್ಣನಿಗೆ ಕಲಿಸಿದವನೂ ಅವನೇ. ಒಂದು ವಿಷಯ ಮಾತ್ರ ಆ ಜಾಣನ ತಲೆಗೆ ಹೊಳೆದಿರಲಿಲ್ಲ. ಮದುವೆಯಾದಾಗಿನಿಂದ ಇವತ್ತಿನವರೆಗೆ ಮಹಾನಂದಾ ಒಮ್ಮೆಯೂ ಗಂಡನ ಹೆಸರನ್ನು ಬಾಯಿಬಿಟ್ಟು ಕರೆದವಳಲ್ಲ. ಆ ಓಣಿಯ ಅವಳ ವಾರಿಗೆಯ ಹೆಂಗಸರು ಯಾರೂ ಕರೆದವರಲ್ಲ. ಮದುವೆ ಮುಂಜಿಯಲ್ಲಿ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಕಾಡಿದರೆ, ಆಗ ಎರಡು ಸಾಲಿನ ಒಡಪು ಕಟ್ಟಿ, ಆ ಪದ್ಯದೊಳಗೆ ಗಂಡನ ಹೆಸರನ್ನು ಹೆಣೆದು ಹೇಳಬೇಕು. ಬರಿದೇ ಹೇಳುವಂತಿಲ್ಲ.

"ಒಂದ ಒಂದ್ಸಲ ಅಂದ್ಬಿಡು," ಎಂದು ರಾಚಪ್ಪ ಗೋಗರೆದ.

"ಹೆಸರ ತಗೊಂಡ್ರ ಗಂಡನ ಆಯುಷ್ಯ ಕಮ್ಮಿ ಆಗ್ತೈತಿ."

"ತಗೊಳ್ಳದಿದ್ರ ನಾಳೆ ಬೀಗತಿ ಮುಂದ ಮರ್ಯಾದಿನ ಕಮ್ಮಿ ಆಗ್ತೈತಿ."

ಮಹಾನಂದಾ ಮಗ್ಗದ ಕಡೆ ತಿರುಗಿದಳು. "ನಮ್ಮ ಮನಿಯವ್ರು," ಎಂದಳು.

"ಆ ಹೆಸರಿನ ಬಳಕೆದಾರರು ಇಲ್ಲ."

"ವೈಶಾಲಿ ಅಪ್ಪ."

"ಆ ಹೆಸರಿನ ಬಳಕೆದಾರರು ಇಲ್ಲ."

"ಇಕಾ, ಇಲ್ಲೇ ನಿಂತಾರಲ್ಲ, ಬನಿಯನ್ ಹರದದ್ದು, ಇವ್ರು!"

"ವಿವರಣೆ ದಾಖಲಾಗಿದೆ. ಹೆಸರು ಸಿಕ್ಕಿಲ್ಲ."

ರಾಚಪ್ಪ ಸೆರಗಿನ ಬದಲು ಟವೆಲ್ ಹೊದ್ದು, ಮೂಗಿನಲ್ಲಿ ಹೆಣ್ಣು ದನಿ ತಂದು "ರಾಚಪ್ಪಾ" ಎಂದು ಉಲಿದ. ಮಗ್ಗಣ್ಣ, "ಗಂಟಲು ಕೆಟ್ಟಿದೆ. ಶುಂಠಿ ಕಷಾಯ ಒಳ್ಳೆಯದು" ಎಂದ.

ಇಷ್ಟರಲ್ಲಿ ಗಿರಿಮಲ್ಲಪ್ಪ ಗಿರಾಕಿ ಬಂದರೆಂದು ಅಂಗಡಿಗೆ ಹೋಗಿದ್ದ. ಅವನು ಹೋದ ಸ್ವಲ್ಪ ಹೊತ್ತಿಗೆ ಮಗ್ಗಣ್ಣ ತಾನಾಗಿಯೇ ಲಾಳಿ ಓಡಿಸತೊಡಗಿದ. ಟಕಟಕ, ಟಕಟಕ. ಗಂಡ ಹೆಂಡತಿ ಇಬ್ಬರೂ ಬಗ್ಗಿ ನೋಡಿದರು. ಅವ್ವ ಅದ್ದಿದ ಕೆಂಪು ನೂಲಿನ ಮೇಲೆ, ಗುಬ್ಬಿ ಕೂರಬೇಕಾದ ಜಾಗದಲ್ಲಿ, ದಪ್ಪಕ್ಷರದಲ್ಲಿ ಮೂಡಿತು:

ಇಲ್ಲಿ ಉಗುಳಬಾರದು.

ಮೂಲೆಯಲ್ಲಿ ಚಿಕ್ಕದಾಗಿ: ಗಿರಿಮಲ್ಲಪ್ಪ.

ರಾಚಪ್ಪನಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಸೆಟ್ಟಿಂಗು ಕೆಟ್ಟ ಮೇಲೆ ಮಗ್ಗಣ್ಣ ವೈಫೈಯಲ್ಲಿ ತಾನೊಂದು ಪ್ರಿಂಟರ್ ಎಂದು ಸಾರಿಕೊಂಡಿದ್ದ. ಗಿರಿಮಲ್ಲಪ್ಪನ ಕಂಪ್ಯೂಟರು ಅದನ್ನು ನಂಬಿ, ಅಂಗಡಿಯ ಪ್ರಿಂಟರನ್ನು ಬಿಟ್ಟು ಎಲ್ಲವನ್ನೂ ಇತ್ತ ಕಳಿಸುತ್ತಿತ್ತು. ಒಡೆಯನಿಲ್ಲದ ಗುಬ್ಬಿಗೆ ಅನುಮತಿಯಿಲ್ಲ, ಒಡೆಯನಿರುವ ಉಗುಳಿಗೆ ಅಡ್ಡಿಯಿಲ್ಲ.

"ಗಿರಿಮಲ್ಲಪ್ಪಾ, ನಿಲ್ಲಸೋ!" ರಾಚಪ್ಪ ಕಿಟಕಿಯಿಂದ ಕೂಗಿದ.

ಗಿರಿಮಲ್ಲಪ್ಪ ಓಡಿ ಬಂದ. "ಏನ ನಿಲ್ಲಸೂದು? ಗ್ವಾಡಿಗೆ ಹಚ್ಚಾಕ ಒಂದು ಬೋರ್ಡ್ ತಗೀಬೇಕಂತ ಮಾಡಿದೆ. ಪ್ರಿಂಟರದಾಗ ಏನೂ ಬರವಲ್ದು. ಬರವಲ್ದಂತ ಮತ್ತ ಮತ್ತ ಒತ್ತಿದೆ."

"ಎಷ್ಟ ಸಲ ಒತ್ತಿದಿ?"

"ಬರೂತನಕಾ ಒತ್ತಿದೆ."

ಅದನ್ನು ಕೇಳಿ ರಾಚಪ್ಪ ನೆಲಕ್ಕೆ ಕೂತ. ಗಿರಿಮಲ್ಲಪ್ಪನ ಕಂಪ್ಯೂಟರನ್ನು ಆರಿಸಿದರು. ಪ್ರಯೋಜನವಾಗಲಿಲ್ಲ, ಸರತಿ ಆಗಲೇ ಮಗ್ಗಣ್ಣನ ಹೊಟ್ಟೆ ಸೇರಿತ್ತು. ಮನೆಯ ಕರೆಂಟ್ ತೆಗೆದರು. ಟ್ರ್ಯಾಕ್ಟರಿನ ಬ್ಯಾಟರಿ ಉತ್ಸಾಹದಿಂದ ಕೆಲಸ ವಹಿಸಿಕೊಂಡಿತು. ಬೋಲ್ಟು ಬಿಚ್ಚಲು ಹೋದರೆ, ಅದು ಅಲ್ಲಾಡದಂತೆ ವೆಲ್ಡಿಂಗ್ ಕೂಡ ಮಾಡಿಸಿದ್ದು ರಾಚಪ್ಪನಿಗೆ ಆಗ ನೆನಪಾಯಿತು. ಉಳಿದದ್ದು ಕತ್ತರಿ. ಅವನು ಕತ್ತರಿ ಎತ್ತಿಕೊಂಡು ಹಾಸಿನ ಕಡೆ ನಡೆದಾಗ ಮಹಾನಂದಾ ಅವನ ಮಣಿಕಟ್ಟು ಹಿಡಿದಳು.

"ಅವ್ವನ ನೂಲು. ಕತ್ತರಿಸಿದ್ರ ಮತ್ತ ಕೂಡಂಗಿಲ್ಲ."

ಮಗ್ಗಣ್ಣ ನಿರಾತಂಕವಾಗಿ ನೇಯುತ್ತಿದ್ದ. ಇಲ್ಲಿ ಉಗುಳಬಾರದು. ಇಲ್ಲಿ ಉಗುಳಬಾರದು. ಹಾಸಿನ ಸುರುಳಿ ತೆಳ್ಳಗಾಗುತ್ತ ಬಂತು. ಇನ್ನು ಒಂದು ಖಣಕ್ಕಿಂತ ತುಸುವೇ ಹೆಚ್ಚು ಉಳಿದಿತ್ತು. ಮಹಾನಂದಾಳಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಅವ್ವ ಕೊನೆಯ ದಿನಗಳಲ್ಲಿ ಬಣ್ಣದ ಹಂಡೆಯ ಮುಂದೆ ಕೂತು, ಕೆಂಪಾದ ಕೈಗಳನ್ನು ಎತ್ತಿ ತೋರಿಸಿ, "ಇದು ವೈಶಾಲಿ ಪಾಲು" ಅಂದಿದ್ದಳು. ಉಳಿದಷ್ಟು ಪಾಲಾದರೂ ಝೆರಾಕ್ಸ್ ಅಂಗಡಿಯ ಗೋಡೆಗೆ ಹೋಗಲು ತಾನು ಬಿಡುವುದಿಲ್ಲ ಎಂದು ಅವಳು ನಿಶ್ಚಯಿಸಿದಳು.

"ಗಿರಿಮಲ್ಲಣ್ಣ, ನೀ ಹೊರಗ ನಡಿ," ಎಂದಳು. "ನೀವೂ ನಡೀರಿ."

"ನಾನ್ಯಾಕ? ನಾನ ಒಡಿಯಾ."

"ಅದಕ್ಕ. ನಡೀರಿ."

ಗಂಡಸರು ಹೊರಗೆ ಹೋಗಿ ಬಾಗಿಲ ಸಂದಿಗೆ ಕಿವಿ ಹಚ್ಚಿದರು. ಮಹಾನಂದಾ ಸೆರಗನ್ನು ತಲೆತುಂಬ ಹೊದ್ದಳು. ಮದುವಣಗಿತ್ತಿಯಾಗಿ ಈ ಮನೆಯ ಹೊಸ್ತಿಲಲ್ಲಿ ನಿಂತಾಗಲೂ ಹೀಗೇ ಹೊದ್ದಿದ್ದಳು. ಅಂದು ಹೇಳಿದ್ದ ಒಡಪು ಮರೆತುಹೋಗಿತ್ತು. ಅದರಲ್ಲಿ ಬೆಳ್ಳಿ ಬಟ್ಟಲು, ಮಲ್ಲಿಗೆ ಹೂವು ಇದ್ದವು. ಇಷ್ಟು ವರ್ಷದ ಸಂಸಾರದಲ್ಲಿ ಅವೆರಡನ್ನೂ ಅವಳು ಕಂಡದ್ದು ಅಪರೂಪ. ನಿಂತ ನಿಲುವಿನಲ್ಲಿ ಹೊಸದು ಕಟ್ಟಿದಳು. ಕಂಡದ್ದನ್ನೇ ಕಟ್ಟಿದಳು.

"ಲಾಳಿಗಿ ನೂಲು ಚಂದ, ಹಣತಿಗಿ ಬತ್ತಿ ಚಂದ,
ಬಿಚ್ಚಿದ್ದನ್ನ ಜೋಡಿಸಾಕ ಬರದ ರಾಚಪ್ಪನವರ ಜೋಡಿ ನನಗ ಚಂದ."

ಲಾಳಿ ನಡುದಾರಿಯಲ್ಲಿ ನಿಂತಿತು. ಬಾಗಿಲಾಚೆ ಯಾರೋ ಮೂಗು ಸೀಟಿದ ಸದ್ದು ಕೇಳಿತು. ಅದು ಗಿರಿಮಲ್ಲಪ್ಪನದಲ್ಲ.

"ದನಿ ಸರಿಯಾಗಿದೆ," ಎಂದ ಮಗ್ಗಣ್ಣ. "ಒಡೆಯರ ಹೆಸರು ಉದ್ದವಾಗಿದೆ. ಆದರೂ ಅಂಗೀಕರಿಸಲಾಗಿದೆ. ಅಪ್ಪಣೆಯಾಗಲಿ."

"ಉಗುಳೂದು ಬಿಡು," ಎಂದಳು ಮಹಾನಂದಾ. "ಗುಬ್ಬಿ ನೇಯಿ."

ಮಗ್ಗಣ್ಣ ಸರತಿಯಲ್ಲಿದ್ದುದನ್ನೆಲ್ಲ ಅಳಿಸಿ, ಉಳಿದ ಕಡೆಯ ಹಾಸಿನ ಮೇಲೆ ಗುಬ್ಬಿ ನೇಯ್ದ. ಒಂದೊಂದು ಗುಬ್ಬಿಯೂ ಬಗ್ಗಿ ತನ್ನ ಕಾಳು ಹೆಕ್ಕುತ್ತಿತ್ತು. ಹೆಬ್ಬೆರಳು ಬರಲಿಲ್ಲ, ಹಿಟ್ಟು ಚೆಲ್ಲಲಿಲ್ಲ. ಖಣ ಮುಗಿಯುವುದಕ್ಕೂ ನೂಲು ಮುಗಿಯುವುದಕ್ಕೂ ಸರಿಹೋಯಿತು. ಮಹಾನಂದಾ ಅದನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಅಂಚನ್ನು ನೋಡಿದಳು. ಲಿನಕ್ಸ್ ತನ್ನ ಪದ್ಧತಿ ಬಿಟ್ಟಿರಲಿಲ್ಲ. ಅಂಚಿನ ಉದ್ದಕ್ಕೂ, ಒಂದಕ್ಷರ ಬಿಡದೆ, ಇಡೀ ಒಡಪು ಹಳದಿ ನೂಲಿನಲ್ಲಿ ಸಾಲಾಗಿ ಕೂತಿತ್ತು.

"ಅಳಸ್ಲೇನು?" ಎಂದ ರಾಚಪ್ಪ, ಕೀಲಿಮಣೆಯ ಕಡೆ ಕೈ ಚಾಚಿ.

"ಮುಟ್ಟಿದ್ರ ನೋಡ್ರಿ."

ಮರುದಿನ ಬಾಗಲಕೋಟೆಯಲ್ಲಿ ಮಹಾನಂದಾ ವೈಶಾಲಿಯ ಉಡಿಗೆ ಖಣ ಹಾಕಿದಳು. ವೈಶಾಲಿ ಗುಬ್ಬಿಯ ಮೇಲೆ ಬೆರಳಾಡಿಸಿ, "ಯವ್ವಾ, ಅಜ್ಜೀನ ಬಂದಂಗಾತು" ಎಂದು ತಾಯಿಯ ಭುಜಕ್ಕೆ ಮುಖ ಒತ್ತಿದಳು. ಬೀಗತಿ ಶಿವಲೀಲಾ ಕನ್ನಡಕ ಏರಿಸಿ ಅಂಚನ್ನು ಹಿಡಿದು ಗಟ್ಟಿಯಾಗಿ ಓದಿದಳು. ಬಿಚ್ಚಿದ್ದನ್ನ ಜೋಡಿಸಾಕ ಬರದ ಎಂಬಲ್ಲಿಗೆ ಬಂದಾಗ ಅವಳ ದನಿ ತಡೆಯಿತು. ಅವಳ ಯಜಮಾನರು ಆ ವಾರವಷ್ಟೇ ಮಿಕ್ಸರ್ ಬಿಚ್ಚಿಟ್ಟಿದ್ದರು. ಮೊದಲು ಅವಳು ನಕ್ಕಳು, ಆಮೇಲೆ ಕುಬಸದ ಮನೆ ಪೂರಾ ನಕ್ಕಿತು. ಮಖಮಲ್ಲಿನ ಖಣ ಪೊಟ್ಟಣದಲ್ಲೇ ಉಳಿಯಿತು.

"ಬೀಗತಿ," ಎಂದಳು ಶಿವಲೀಲಾ ಮೆಲ್ಲಗೆ, "ನನಗೂ ಒಂದು ಒಡಪಿನ ಖಣ ನೇಯಿಸಿ ಕೊಡ್ರಿ."

ಅಲ್ಲಿಂದ ಸುದ್ದಿ ಹಬ್ಬಿತು. ಬಾಗಲಕೋಟೆ, ಜಮಖಂಡಿ, ಬನಹಟ್ಟಿಯಿಂದ ಹೆಂಗಸರು ನೂಲು ಹಿಡಿದುಕೊಂಡು ಬಂದರು, ತಮ್ಮ ತಮ್ಮ ಗಂಡಂದಿರ ಒಡಪು ಕಟ್ಟಿಕೊಂಡು ಬಂದರು. ಮಗ್ಗಣ್ಣ ಎಲ್ಲರ ಒಡಪನ್ನೂ ಶ್ರದ್ಧೆಯಿಂದ ಕೇಳಿಸಿಕೊಂಡು, "ಚೆನ್ನಾಗಿದೆ. ಆದರೆ ನನ್ನ ಒಡೆಯರು ಈಗಾಗಲೇ ಇದ್ದಾರೆ" ಎನ್ನುತ್ತಿದ್ದ. ಆಮೇಲೆ ಅದೇ ಗುಬ್ಬಿ, ಅದೇ ಒಡಪು, ಅದೇ ಹೆಸರು. ರಾಚಪ್ಪ ಸರಿಪಡಿಸಲು ಒಮ್ಮೆ ಕೂತ. ಈ ಸಲ ಜಾಣತನದಿಂದ ಮೊದಲೇ ನಕಲು ತೆಗೆದಿಟ್ಟುಕೊಂಡ. ಹೊಸ ಸೆಟ್ಟಿಂಗು ಕೆಟ್ಟಿತು, ನಕಲನ್ನು ಮರಳಿ ಹಾಕಿದ. ನಕಲಿನಲ್ಲೂ ಒಡಪೇ ಇತ್ತು. ಹೆಂಗಸರು ಬೇಸರಿಸಲಿಲ್ಲ. ಗುಬ್ಬಿ ಅಷ್ಟು ಚಂದವಿತ್ತು, ಮಾತೂ ಎಲ್ಲರ ಮನೆಗೆ ಹೊಂದುವಂತಿತ್ತು. ಹೊಲಿಸಿಕೊಂಡು ತೊಟ್ಟರು.

ದೀಪಾವಳಿಯ ಹೊತ್ತಿಗೆ ಗಿರಿಮಲ್ಲಪ್ಪ ಮುಖ ಗಂಟುಹಾಕಿಕೊಂಡು ಬಂದ. ಅವನ ಅಂಗಡಿಯ ಗೋಡೆಯ ಮೇಲೆ ಕೆಂಪು ಖಣದ ಬೋರ್ಡು ತೂಗುತ್ತಿತ್ತು. ಅಲ್ಲಿ ಯಾರೂ ಉಗುಳುತ್ತಿರಲಿಲ್ಲ, ನಿಂತು ಬಟ್ಟೆ ಮುಟ್ಟಿ ನೋಡಿ ಹೋಗುತ್ತಿದ್ದರು. ಅವನ ತಕರಾರು ಬೇರೆ.

"ವೈನಿ, ಇದು ಚಲೋ ಅಲ್ಲ. ನನ್ನ ಹೆಂಡತಿ ಬೆನ್ನ ಮ್ಯಾಲ ರಾಚಪ್ಪಣ್ಣನ ಹೆಸರು. ಎದರ ಮನ್ಯಾಕಿ ಬೆನ್ನ ಮ್ಯಾಲೂ ಅದ. ಸಂತಿಗೆ ಹೋದ್ರ ಮುಂದ ಹೊಂಟವರ ಬೆನ್ನ ಮ್ಯಾಲೆಲ್ಲಾ ಅದ. ಹೆಸರ ಹೇಳಾಕ ನಾಚತಾರ, ಇದನ್ನ ತೊಡಾಕ ನಾಚಿಕಿಲ್ಲೇನು?"

ರಾಚಪ್ಪ ಕೆಮ್ಮಿ, ಜಮಖಾನೆಯ ಹಿಂದೆ ಏನೋ ಹುಡುಕುವವನಂತೆ ಬಗ್ಗಿದ. ಮಹಾನಂದಾ ಕಂಡಿಕೆಗೆ ನೂಲು ಸುತ್ತುತ್ತ ಕೂತವಳು ತಲೆ ಎತ್ತಲಿಲ್ಲ.

"ತನ್ನ ಗಂಡನ ಹೆಸರ ಹೇಳಬಾರ್ದಂತ ಐತಿ, ಗಿರಿಮಲ್ಲಣ್ಣ. ಮಂದಿ ಗಂಡನ ಹೆಸರ ತೊಡಬಾರ್ದಂತ ಹಿರಿಯರು ಎಲ್ಲೂ ಹೇಳಿಲ್ಲ."